ಗ್ಲಾಸ್ಗೋದ ಬಿಸಿಲು: ‘ಡಿಯರ್ ಕಟಾಸ್ಟ್ರಫಿ ವೇಟ್ರೆಸ್’ ಆಲ್ಬಂ ಕೇಳೋದು ಹೇಗೆ, ಒಂದೊಂದೇ ಸ್ಟೆಪ್ಪಲ್ಲಿ

ಮನಸ್ಸು ಭಾರ ಆಗಿದೆ, ಖುಷಿಯಾಗಿರೋದು ಏನಾದ್ರೂ ಕೇಳ್ಬೇಕು, ಆದ್ರೆ ಡಿಜೆ ಬೀಟ್ ಬೇಡ, ತಲೆ ಮೇಲೆ ಕುಣಿಯೋ ಹಾಡು ಬೇಡ ಅಂತ ಯಾರಾದ್ರೂ ಕೇಳಿದ್ರೆ ನಾನು ಹದಿನೈದು ವರ್ಷದಿಂದ ಒಂದೇ ಹೆಸರು ಹೇಳ್ತಾ ಬಂದಿದೀನಿ. ಬೆಲ್ ಅಂಡ್ ಸೆಬಾಸ್ಟಿಯನ್ ಅನ್ನೋ, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಬ್ಯಾಂಡು, 2003ರ ಅಕ್ಟೋಬರಲ್ಲಿ ಬಂದ ಅವರ ‘ಡಿಯರ್ ಕಟಾಸ್ಟ್ರಫಿ ವೇಟ್ರೆಸ್’ ಆಲ್ಬಂ. ಹನ್ನೆರಡು ಹಾಡು, ಒಟ್ಟು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಅಕೌಸ್ಟಿಕ್ ಗಿಟಾರ್, ಟ್ರಂಪೆಟ್, ವಯಲಿನ್, ಪಿಯಾನೋ, ಮೇಲೆ ಒಂದು ಮೆಲು ದನಿ.

ಹೆಸರು ಹೇಳಿದ ಮೇಲೆ ಆಗೋದು ಏನಂದ್ರೆ, ಅವರು ಎರಡು ಹಾಡು ಕೇಳ್ತಾರೆ, “ಚೆನ್ನಾಗಿದೆ, ಮುದ್ದಾಗಿದೆ” ಅಂತಾರೆ, ಅಲ್ಲಿಗೆ ಬಿಡ್ತಾರೆ. ಮುದ್ದಾಗಿದೆ ಅನ್ನೋದು ಸುಳ್ಳಲ್ಲ, ಆದ್ರೆ ಈ ಆಲ್ಬಂನ ಖುಷಿ ಎಲ್ಲಿಂದ ಬಂತು ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಕೂತ್ಕೊಂಡು ಕೇಳ್ಬೇಕು. ಹಾಗೆ ಕೂತು ಕೇಳೋಕೆ ಒಂದು ದಾರಿ ಹಾಕ್ಕೊಡೋಣ ಅಂತ ಇದನ್ನ ಬರೀತಿದೀನಿ, ಇಂಗ್ಲಿಷ್ ಇಂಡೀ ಸಂಗೀತ, ಅಂದ್ರೆ ದೊಡ್ಡ ಕಂಪನಿಗಳ ಹೊರಗೆ ಬೆಳೆದ ಸಂಗೀತ, ಅದರ ಬಗ್ಗೆ ಏನೂ ಗೊತ್ತಿಲ್ಲದವರೂ ಇದನ್ನ ಹಿಡ್ಕೊಂಡು ಹೋಗಬಹುದು.

ಸ್ಟೆಪ್ 1: ಮೊದಲು ಹಾಡುಗಳ ಆರ್ಡರ್ ಸರಿ ಮಾಡ್ಕೊಳ್ಳಿ

ಇದನ್ನ ಮೊದಲನೇ ಸ್ಟೆಪ್ ಮಾಡಿದ್ದಕ್ಕೆ ಕಾರಣ ಇದೆ. ನನಗೆ ಈ ಆಲ್ಬಂ ಸಿಕ್ಕಿದ್ದು ಹಾಸ್ಟೆಲಲ್ಲಿ, ಪಕ್ಕದ ರೂಮಿನ ಹುಡುಗನ ಹಾರ್ಡ್ ಡಿಸ್ಕಲ್ಲಿ, ಎಂಪಿ3 ಫೈಲ್ ರೂಪದಲ್ಲಿ. ಟ್ರ್ಯಾಕ್ ನಂಬರ್ ಯಾರೋ ಅಳಿಸಿಬಿಟ್ಟಿದ್ರು, ಹಾಗಾಗಿ ಹಾಡುಗಳೆಲ್ಲ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಸಾಲಾಗಿ ಕೂತಿದ್ವು. ‘ಅಸ್ಲೀಪ್ ಆನ್ ಎ ಸನ್‌ಬೀಮ್’ ಮೊದಲು, ‘ಯೂ ಡೋಂಟ್ ಸೆಂಡ್ ಮಿ’ ಕೊನೆ. ಹೀಗೇ ಎರಡು ಮೂರು ವರ್ಷ ಕೇಳಿದೀನಿ. ಆಮೇಲೆ ಒಂದಿನ ಒಬ್ಬರ ಮನೇಲಿ ನಿಜವಾದ ಸಿಡಿ ಹಾಕಿದಾಗ ಢಮ್ ಅಂತ ‘ಸ್ಟೆಪ್ ಇಂಟು ಮೈ ಆಫೀಸ್, ಬೇಬಿ’ ಶುರುವಾಯ್ತು, ಅವತ್ತು ನನಗೆ ಬೇರೆ ಆಲ್ಬಮ್ಮೇ ಕೇಳಿದ ಹಾಗಾಯ್ತು. ಬಾಗಿಲು ತೆಗೆಯೋ ಹಾಡು ಯಾವ್ದು, ಕೂತು ಮಾತಾಡೋ ಹಾಡು ಯಾವ್ದು, ಹೊರಡೋ ಹಾಡು ಯಾವ್ದು ಅಂತ ಅವರು ಯೋಚನೆ ಮಾಡಿ ಜೋಡಿಸಿದಾರೆ.

ಆದ್ರಿಂದ ಸ್ಟ್ರೀಮಿಂಗ್ ಆಪಲ್ಲಿ ಹುಡುಕಿದಾಗ ಆಲ್ಬಂ ಪೇಜಿಗೇ ಹೋಗಿ, ಬ್ಯಾಂಡ್ ಹೆಸರಿನ ಕೆಳಗೆ ಬರೋ ಪಾಪ್ಯುಲರ್ ಲಿಸ್ಟಿಗಲ್ಲ. ಶಫಲ್ ಬಟನ್ ಆಫ್ ಇದ್ಯಾ ನೋಡಿ. ಆಲ್ಬಂ ಮುಗಿದ ತಕ್ಷಣ ಆಪ್ ತಾನಾಗೇ ಬೇರೆ ಯಾವ್ದೋ ಹಾಡು ಹಾಕತ್ತಲ್ಲ, ಅದನ್ನೂ ಸೆಟ್ಟಿಂಗಲ್ಲಿ ಆಫ್ ಮಾಡ್ಕೊಳ್ಳಿ, ಕೊನೇ ಹಾಡಾದ ಮೇಲಿನ ಮೌನ ಬೇಕು.

ಸರಿಯಾದ ಆರ್ಡರಿಗೆ ಗುರುತು ಇಷ್ಟೇ: ‘ಸ್ಟೆಪ್ ಇಂಟು ಮೈ ಆಫೀಸ್, ಬೇಬಿ’ ಮೊದಲನೇದು, ಆಲ್ಬಂ ಹೆಸರಿನ ಹಾಡು ಎರಡನೇದು, ‘ಐಯಾಮ್ ಎ ಕುಕ್ಕೂ’ ಆರನೇದು, ‘ಸ್ಟೇ ಲೂಸ್’ ಹನ್ನೆರಡನೇದು ಮತ್ತು ಕೊನೇದು.

ಸ್ಟೆಪ್ 2: ಹೊತ್ತು ನೋಡ್ಕೊಳ್ಳಿ

ಬೆಳಗ್ಗೆ ಕೇಳಿ. ರಾತ್ರಿ ಮಲಗೋ ಮುಂಚೆ ಕೇಳೋ ಆಲ್ಬಂ ಇದಲ್ಲ. ಭಾನುವಾರ ಬೆಳಗ್ಗೆ ಮನೆಗೆ ಬಿಸಿಲು ಬೀಳೋ ಜಾಗ ಒಂದು ಇರತ್ತಲ್ಲ, ಅಲ್ಲಿ ಕೂತ್ಕೊಳ್ಳಿ, ಕಾಫಿ ಲೋಟ ಪಕ್ಕದಲ್ಲಿರ್ಲಿ.

ಬಿಸಿಲಿನ ಮಾತು ಸುಮ್ನೆ ಹೇಳ್ತಿಲ್ಲ. ಗ್ಲಾಸ್ಗೋ ಉತ್ತರ ಅಕ್ಷಾಂಶ 55 ಡಿಗ್ರಿ ದಾಟಿದ ಊರು, ಡಿಸೆಂಬರಲ್ಲಿ ಅಲ್ಲಿ ಹಗಲು ಅಂದ್ರೆ ಬರೀ 7 ಗಂಟೆ, ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರ್ತಾನೆ. ಜೂನಲ್ಲಿ ಉಲ್ಟಾ, ಹದಿನೇಳೂವರೆ ಗಂಟೆ ಹಗಲು, ರಾತ್ರಿ ಹತ್ತಕ್ಕೂ ಬೆಳಕು. ಮಳೆ ಬೀಳೋ ದಿನಗಳು ವರ್ಷಕ್ಕೆ 160ಕ್ಕಿಂತ ಜಾಸ್ತಿ, ನಮ್ಮ ಹಾಗೆ ಮುಂಗಾರು ಬಂತು ಸುರೀತು ಹೋಯ್ತು ಅನ್ನೋ ಮಳೆ ಅಲ್ಲ, ಜಿಟಿಜಿಟಿ ಅಂತ ವರ್ಷ ಪೂರ್ತಿ ಹಿಡ್ಕೊಂಡಿರೋದು. ನಮಗೆ ಬೆಂಗಳೂರಲ್ಲಿ ಚಳಿಗಾಲದಲ್ಲೂ ಹನ್ನೊಂದು ಗಂಟೆ ಮೇಲೆ ಹಗಲಿರತ್ತೆ, ಬಿಸಿಲು ನಮಗೆ ಎಣಿಕೆಗೇ ಬರಲ್ಲ, ಬದಲಿಗೆ ನೆರಳು ಹುಡುಕ್ತೀವಿ. ಹಾಗಾಗಿ ‘ಅಸ್ಲೀಪ್ ಆನ್ ಎ ಸನ್‌ಬೀಮ್’, ಅಂದ್ರೆ ಬಿಸಿಲ ಕೋಲಿನ ಮೇಲೆ ನಿದ್ದೆ ಅನ್ನೋ ಹೆಸರು ನಮಗೆ ಬರೀ ಚಂದದ ಹೆಸರಾಗಿ ಕಾಣತ್ತೆ, ಅಲ್ಲಿಯವರಿಗೆ ಅದು ವರ್ಷವೆಲ್ಲ ಕಾದು ಪಡೆಯೋ ವಸ್ತು. ಇಷ್ಟು ತಲೇಲಿಟ್ಕೊಂಡು ಕೇಳಿದ್ರೆ ಇಡೀ ಆಲ್ಬಂನ ಬಣ್ಣ ಬದಲಾಗತ್ತೆ.

ಹೆಡ್‌ಫೋನ್ ಇದ್ರೆ ಒಳ್ಳೇದು, ದುಬಾರೀದು ಬೇಕಿಲ್ಲ. ಫೋನಿನ ಸ್ಪೀಕರಲ್ಲಿ ಮಾತ್ರ ಬೇಡ, ಬೇಸ್ ಗಿಟಾರ್ ಪೂರ್ತಿ ಮಾಯ ಆಗಿಬಿಡತ್ತೆ, ಈ ಆಲ್ಬಂನ ಕುಣಿತ ಅರ್ಧ ಇರೋದೇ ಬೇಸಲ್ಲಿ.

ಸ್ಟೆಪ್ 3: ಇವರು ಯಾರು ಅಂತ ತಿಳ್ಕೊಳ್ಳಿ

ಕೆಲವರು ಹೇಳ್ತಾರೆ ಹಾಡು ಕೇಳಿದ್ರೆ ಸಾಕು, ಹಾಡಿದವರ ಕಥೆ ಯಾಕೆ ಅಂತ. ಬೇರೆ ಬ್ಯಾಂಡುಗಳ ವಿಷಯದಲ್ಲಿ ಒಪ್ತೀನಿ, ಇಲ್ಲಿ ಒಪ್ಪಲ್ಲ.

ಹಾಡು ಬರೆದು ಹಾಡೋದು ಮುಖ್ಯವಾಗಿ ಸ್ಟುವರ್ಟ್ ಮರ್ಡಾಕ್. ಗ್ಲಾಸ್ಗೋದಲ್ಲಿ ಯೂನಿವರ್ಸಿಟಿ ಓದ್ತಿದ್ದ ಹುಡುಗ, 1980ರ ದಶಕದ ಕೊನೇಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನೋ ಕಾಯಿಲೆಗೆ ಬಿದ್ರು. ಮೈ ಪೂರ್ತಿ ಶಕ್ತಿ ಕಳ್ಕೊಳ್ಳೋ ಕಾಯಿಲೆ, ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ, ನಾಲ್ಕು ಹೆಜ್ಜೆ ನಡೆದ್ರೆ ಮತ್ತೆ ದಿನಗಟ್ಟಲೆ ಹಾಸಿಗೆ. ಸುಮಾರು ಏಳು ವರ್ಷ ಓದೂ ಇಲ್ಲ, ಕೆಲಸಾನೂ ಇಲ್ಲ. ಗೆಳೆಯರೆಲ್ಲ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಮುಂದೆ ಹೋಗ್ತಿರೋ ಹೊತ್ತಲ್ಲಿ ಇವರು ರೂಮಲ್ಲಿ. ಹಾಡು ಬರೆಯೋದು ಶುರುವಾಗಿದ್ದೇ ಅಲ್ಲಿ. ಆಮೇಲೆ ಸ್ವಲ್ಪ ಚೇತರಿಸಿಕೊಂಡ್ಮೇಲೆ ಹಿಂಡ್‌ಲ್ಯಾಂಡ್ ಅನ್ನೋ ಏರಿಯಾದ ಒಂದು ಚರ್ಚಿನ ಹಾಲ್ ನೋಡ್ಕೊಳ್ಳೋ ಕೆಲಸ ಹಿಡಿದು ಅದರ ಮೇಲಿನ ಮನೇಲೇ ಇದ್ರು, ಬ್ಯಾಂಡ್ ಹೆಸರಾದ ಮೇಲೂ ಎಷ್ಟೋ ವರ್ಷ ಅಲ್ಲೇ ಇದ್ರು, ಚರ್ಚ್ ಕಾಯರಲ್ಲಿ ಹಾಡ್ತಿದ್ರು.

ಬ್ಯಾಂಡ್ ಹುಟ್ಟಿದ್ದು 1996ರಲ್ಲಿ. ಗ್ಲಾಸ್ಗೋದ ಸ್ಟೋ ಕಾಲೇಜಲ್ಲಿ ಮ್ಯೂಸಿಕ್ ಬಿಸಿನೆಸ್ ಕೋರ್ಸ್ ಇತ್ತು, ಅಲ್ಲಿನ ಸ್ಟೂಡೆಂಟ್ಸೇ ನಡೆಸೋ ಎಲೆಕ್ಟ್ರಿಕ್ ಹನಿ ಅನ್ನೋ ಪುಟ್ಟ ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ ಇತ್ತು, ವರ್ಷಕ್ಕೊಂದು ಸಿಂಗಲ್, ಅಂದ್ರೆ ಒಂದು ಹಾಡಿನ ರೆಕಾರ್ಡ್ ತರೋದು ಅವರ ರೂಢಿ. ಇವರ ಹತ್ರ ಹಾಡು ಜಾಸ್ತಿ ಇತ್ತು, ಹಾಗಾಗಿ ಇಡೀ ಆಲ್ಬಮ್ಮೇ ತಂದ್ಬಿಟ್ರು, ಹೆಸರು ‘ಟೈಗರ್‌ಮಿಲ್ಕ್’. ರೆಕಾರ್ಡಿಂಗ್ ಮೂರೇ ದಿನ, ಒತ್ತಿಸಿದ್ದು 1000 ವೈನಲ್ ರೆಕಾರ್ಡ್ ಮಾತ್ರ. ಆ ಸಾವಿರ ಪ್ರತಿ ಆಮೇಲೆ ನೂರಾರು ಪೌಂಡಿಗೆ ಕೈ ಬದಲಾಯಿಸ್ತು, ಮಾಮೂಲಿ ಜನಕ್ಕೆ ಆ ಆಲ್ಬಂ ಅಂಗಡೀಲಿ ಸಿಕ್ಕಿದ್ದು 1999ರಲ್ಲಿ ಮತ್ತೆ ಬಿಟ್ಟಾಗ. ಅದೇ 1999ರಲ್ಲಿ ಬ್ರಿಟ್ ಅವಾರ್ಡ್ಸಲ್ಲಿ ಹೊಸಬರಿಗೆ ಕೊಡೋ ಪ್ರಶಸ್ತಿ ಇವರಿಗೆ ಬಂತು. ಬ್ಯಾಂಡಿನ ಹೆಸರು ಫ್ರೆಂಚ್ ಮಕ್ಕಳ ಕಥೆಯೊಂದರಿಂದ ತಗೊಂಡಿದ್ದು, ಸೆಬಾಸ್ಟಿಯನ್ ಹುಡುಗ, ಬೆಲ್ ಅವನ ನಾಯಿ.

ಈಗ ಮುಖ್ಯವಾದ ವಿಷಯ. ಈ ಆಲ್ಬಂ ಬರೋವರೆಗಿನ ಇವರ ಹಾಡುಗಳು ಪಿಸುಮಾತಿನವು. ದನಿ ಗೋಡೆ ಕಡೆ ತಿರುಗಿ ಹಾಡಿದ ಹಾಗೆ. 2003ಕ್ಕೆ ಬರೋ ಹೊತ್ತಿಗೆ ಬ್ಯಾಂಡಲ್ಲಿ ಏಳು ಜನ, ಹೊಸ ಲೇಬಲ್ ರಫ್ ಟ್ರೇಡ್, ಮತ್ತೆ ಪ್ರೊಡ್ಯೂಸರ್ ಆಗಿ ಬಂದವರು ಟ್ರೆವರ್ ಹಾರ್ನ್. 80ರ ದಶಕದ ಬ್ರಿಟಿಷ್ ಪಾಪಿನ ದೊಡ್ಡ ದೊಡ್ಡ ಸದ್ದುಗಳ ಹಿಂದಿದ್ದ ಮನುಷ್ಯ, ಫ್ರಾಂಕಿ ಗೋಸ್ ಟು ಹಾಲಿವುಡ್ ಅಂಥ ಬ್ಯಾಂಡಿನ ರೆಕಾರ್ಡ್ ಮಾಡಿದವರು. ಈ ನಾಚಿಕೆ ಸ್ವಭಾವದ ಗ್ಲಾಸ್ಗೋ ಹುಡುಗ ಹುಡುಗೀರ ಜೊತೆ ಅವರಾ ಅಂತ ಆಗ ಕೇಳಿದವರೆಲ್ಲ ಗಾಬರಿ ಆಗಿದ್ರಂತೆ, ಹಳೇ ಅಭಿಮಾನಿಗಳಲ್ಲಿ ಕೆಲವರಿಗೆ ಇವತ್ತಿಗೂ ಆ ತಕರಾರು ಇದೆ. ನನಗಿಲ್ಲ. ಹಾರ್ನ್ ಮಾಡಿದ ಒಳ್ಳೇ ಕೆಲಸ ಅಂದ್ರೆ ಇವರ ಸ್ವಭಾವ ಬದಲಾಯಿಸ್ಲಿಲ್ಲ, ಕಿಟಕಿ ತೆಗೆದ್ರು ಅಷ್ಟೆ. ಟ್ರಂಪೆಟ್ ಟ್ರಂಪೆಟ್ಟಿನ ಹಾಗೆ ಕೇಳಿಸತ್ತೆ, ಡ್ರಮ್ ಡ್ರಮ್ಮಿನ ಹಾಗೆ. ಏಳು ವರ್ಷ ಹಾಸಿಗೆ ಹಿಡಿದಿದ್ದ ಒಬ್ಬ ಮನುಷ್ಯ ಹೊರಗೆ ಬಂದು ಜೋರಾಗಿ ನಗೋದು ಕೇಳ್ಬೇಕಂದ್ರೆ ಈ ಆಲ್ಬಂ ಕೇಳ್ಬೇಕು. ನನಗೆ ಈ ಖುಷಿ ಮೇಲೆ ನಂಬಿಕೆ ಬರೋದು ಅದಕ್ಕೇ.

ಸ್ಟೆಪ್ 4: ಮೊದಲನೇ ಸಲ, ಲಿರಿಕ್ಸ್ ನೋಡದೆ

ಮೊದಲ ಸಲ ಪದಗಳ ಹಿಂದೆ ಹೋಗ್ಬೇಡಿ. ಮರ್ಡಾಕ್ ಉಚ್ಚಾರ ಮೃದು, ಅರ್ಧ ಮಾತು ಹಿಡಿಯೋಕೇ ಆಗಲ್ಲ, ಹಿಡಿಯೋಕೆ ಹೋದ್ರೆ ಸಂಗೀತ ತಪ್ಪಿಹೋಗತ್ತೆ. ಬದಲಿಗೆ ಒಂದು ವಾದ್ಯ ಆರಿಸ್ಕೊಳ್ಳಿ, ಅದರ ಬೆನ್ನು ಹಿಡ್ಕೊಂಡು ಹೋಗಿ. ನಾನು ಹೇಳೋದು ಟ್ರಂಪೆಟ್. ಮಿಕ್ ಕುಕ್ ಅಂತ, ಆಗ ಬ್ಯಾಂಡಲ್ಲಿದ್ದ ಟ್ರಂಪೆಟ್ ವಾದಕ. ಯಾವ ಹಾಡಲ್ಲಿ ಬರತ್ತೆ, ಯಾವಾಗ ಸುಮ್ನಾಗತ್ತೆ, ಹಾಡುಗಾರ ಉಸಿರು ತಗೊಳ್ಳೋ ಜಾಗದಲ್ಲಿ ಹೇಗೆ ನುಗ್ಗತ್ತೆ ನೋಡಿ.

ಮೊದಲನೇ ಹಾಡನ್ನ ಸ್ವಲ್ಪ ಹತ್ರದಿಂದ ತೋರಿಸ್ತೀನಿ. ‘ಸ್ಟೆಪ್ ಇಂಟು ಮೈ ಆಫೀಸ್, ಬೇಬಿ’ ಶುರುವಾಗೋದೇ ಸ್ಕೂಲ್ ಬೆಲ್ ಹೊಡೆದ ಮೇಲೆ ಮಕ್ಕಳು ಮೈದಾನಕ್ಕೆ ನುಗ್ಗೋ ಹಾಗೆ, ಗಿಟಾರ್, ಡ್ರಮ್ಮು, ಬ್ರಾಸ್ (ಟ್ರಂಪೆಟ್ ಥರ ಊದೋ ವಾದ್ಯಗಳು) ಎಲ್ಲ ಒಟ್ಟಿಗೆ. ಒಳ್ಳೇ ಓಟದಲ್ಲಿರುವಾಗ ಹಾಡಿನ ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲ ನಿಧಾನ ಆಗತ್ತೆ, ಬೀಟು ಸರಿದು ದನಿಗಳು ಒಂದರ ಮೇಲೊಂದು ಕೂತ್ಕೊಳ್ಳತ್ತೆ, ಚರ್ಚಲ್ಲಿ ನಿಂತ ಹಾಗಿರತ್ತೆ. ಮೊದಲ ಸಲ ಕೇಳೋರಿಗೆ ಹಾಡು ಮುಗೀತೇನೋ, ಬೇರೆ ಹಾಡು ಬಂತೇನೋ ಅನ್ಸತ್ತೆ. ತಾಳ್ಮೆಯಿಂದ ಇರಿ, ಮತ್ತೆ ಆ ಓಟ ವಾಪಸ್ ಬರತ್ತೆ, ಬಂದಾಗ ನಿಮ್ಮ ಕಾಲು ತಾನಾಗೇ ತಾಳ ಹಾಕ್ತಿರತ್ತೆ. ಆ ನಿಧಾನದ ಭಾಗ ಇಲ್ದೇ ಹೋಗಿದ್ರೆ ವಾಪಸ್ ಬರೋ ಖುಷಿ ಇರ್ತಿರ್ಲಿಲ್ಲ. ಇಡೀ ಆಲ್ಬಂ ಮಾಡೋದು ಇದನ್ನೇ, ನಿಲ್ಸಿ ಓಡ್ಸೋದು.

ಅದಾದ ಮೇಲೆ ಟೈಟಲ್ ಹಾಡು, ಎರಡೂವರೆ ನಿಮಿಷದೊಳಗೆ ಮುಗಿಯತ್ತೆ, ತಂತಿವಾದ್ಯ ಮತ್ತು ಬ್ರಾಸಿನ ದೊಡ್ಡ ಗುಂಪು ಹಳೇ ಕಾಲದ ನಾಟಕದ ಆರ್ಕೆಸ್ಟ್ರಾ ಥರ ಚುಚ್ಚಿ ಚುಚ್ಚಿ ನುಡಿಸತ್ತೆ. ಮೂರನೇದು ‘ಇಫ್ ಶಿ ವಾಂಟ್ಸ್ ಮಿ’, ಅಲ್ಲಿ ಎಲೆಕ್ಟ್ರಿಕ್ ಗಿಟಾರು ಸೋಲ್ ಸಂಗೀತದ ಧಾಟೀಲಿ ಮೆಲ್ಲಗೆ ಬಳುಕತ್ತೆ. ಇಷ್ಟೆಲ್ಲ ಸದ್ದಾದ ಮೇಲೆ ನಾಲ್ಕನೇ ಹಾಡು, ‘ಪಿಯಾಜ್ಜಾ, ನ್ಯೂಯಾರ್ಕ್ ಕ್ಯಾಚರ್’, ಒಂದು ಅಕೌಸ್ಟಿಕ್ ಗಿಟಾರ್, ಒಂದು ದನಿ, ಅಷ್ಟೇ. ಇಲ್ಲಿ ವಾಲ್ಯೂಮ್ ಜಾಸ್ತಿ ಮಾಡ್ಬೇಡಿ, ಹಾಗೇ ಬಿಡಿ, ನಿಮ್ಮ ಕಿವಿಯೇ ಹತ್ರ ಹೋಗತ್ತೆ.

ಫೋಕ್ ಅನ್ನೋ ಪದದ ಬಗ್ಗೆ ಇಲ್ಲೇ ಒಂದು ಮಾತು. ಫೋಕ್ ಅಂದ್ರೆ ನಮಗೆ ಜಾನಪದ, ಗೀಗೀ ಪದ, ಲಾವಣಿ, ಡೊಳ್ಳು. ಸ್ಕಾಟ್ಲೆಂಡಲ್ಲೂ ಆ ಅರ್ಥದ ಜಾನಪದ ಬೇಕಾದಷ್ಟಿದೆ, ಪಿಟೀಲು ಬ್ಯಾಗ್‌ಪೈಪ್ ಎಲ್ಲ. ಇವರದ್ದು ಅದಲ್ಲ. ಇಂಡೀ ಫೋಕ್-ಪಾಪ್ ಅಂದ್ರೆ ಗಿಟಾರ್ ಹಿಡ್ಕೊಂಡು ಕಥೆ ಹೇಳೋ 60ರ ದಶಕದ ರೀತಿ, ಜೊತೆಗೆ ಪಾಪಿನ ಗುನುಗು. ಬ್ಯಾಗ್‌ಪೈಪ್ ಹುಡುಕ್ತಾ ಬಂದ್ರೆ ನಿರಾಸೆ ಆಗತ್ತೆ. ನಮಗೆ ಹತ್ತಿರದ್ದು ಹೇಳ್ಬೇಕಂದ್ರೆ ಸುಗಮ ಸಂಗೀತ, ಕವಿತೆಯ ಒಂದು ಪದವೂ ಕೆಳಗೆ ಬೀಳದ ಹಾಗೆ ರಾಗ ಹಾಕ್ತಾರಲ್ಲ, ಆ ಎಚ್ಚರ ಇವರಲ್ಲೂ ಇದೆ.

ಸ್ಟೆಪ್ 5: ಎರಡನೇ ಸಲ, ಲಿರಿಕ್ಸ್ ಮುಂದಿಟ್ಕೊಂಡು

ಎರಡು ಮೂರು ದಿನ ಬಿಟ್ಟು ಮತ್ತೆ ಕೂತ್ಕೊಳ್ಳಿ, ಈ ಸಲ ಲಿರಿಕ್ಸ್ ತೆಗೆದಿಡಿ. ಎಲ್ಲ ಹಾಡು ಓದೋಕಾಗ್ದಿದ್ರೆ ಪರವಾಗಿಲ್ಲ, ನಾಲ್ಕು ಹಾಡು ಓದ್ಲೇಬೇಕು.

ಮೊದಲನೇದು ಟೈಟಲ್ ಹಾಡು. ಹೋಟೆಲಲ್ಲಿ ಬಡಿಸೋ ಕೆಲಸದ ಹುಡುಗಿ, ಪಾಪ ಗಿರಾಕಿಗಳು ಅವಳ ಹತ್ರ ಕೆಟ್ಟದಾಗಿ ನಡ್ಕೊಳ್ತಾರೆ. ಆ ಹುಡುಗಿಗೆ ಧೈರ್ಯ ಹೇಳೋ ಕಾಗದದ ಥರ ಇದೆ ಈ ಹಾಡು. ಆ ದೊಡ್ಡ ಆರ್ಕೆಸ್ಟ್ರಾ ಯಾಕೆ ಅಂತ ಇಲ್ಲಿ ಗೊತ್ತಾಗತ್ತೆ, ಅದು ಅವಳಿಗಾಗಿ ನುಡೀತಿರೋದು. ರಾಣಿ ಬಂದಾಗ ನುಡಿಸೋ ಸಂಗೀತಾನ ಹೋಟೆಲಲ್ಲಿ ಬಡಿಸೋ ಹುಡುಗಿಗೆ ನುಡಿಸಿದಾರೆ. ನನ್ನ ಅತ್ತಿಗೆ ಮದುವೆಗೆ ಮುಂಚೆ ಒಂದು ಹೋಟೆಲ್ ಕೌಂಟರಲ್ಲಿ ಕೆಲಸ ಮಾಡ್ತಿದ್ರು, ಈ ಹಾಡಿನ ಅರ್ಥ ಹೇಳಿ ಕೇಳ್ಸಿದಾಗ ಅವರು ಏನೂ ಮಾತಾಡ್ಲಿಲ್ಲ, ಇನ್ನೊಂದ್ಸಲ ಹಾಕು ಅಂದ್ರು.

ಎರಡನೇದು ‘ಲಾರ್ಡ್ ಆಂಥೊನಿ’. ಆಲ್ಬಂನ ಅತೀ ಮೆಲುವಾದ ಹಾಡುಗಳಲ್ಲೊಂದು, ಒಂಬತ್ತನೇದು. ಕ್ಲಾಸಲ್ಲಿ ಬುದ್ಧಿವಂತ, ಆದ್ರೆ ಎಲ್ಲರ ಗೇಲಿಗೆ, ಹೊಡೆತಕ್ಕೆ ಸಿಕ್ಕೋ ಹುಡುಗನ ಕಥೆ. ಖುಷಿ ಆಲ್ಬಂ ಅಂತ ಹೇಳಿ ಇದನ್ನ ಯಾಕೆ ಕೇಳಿಸ್ತೀಯ ಅಂತ ಒಬ್ಬ ಫ್ರೆಂಡ್ ಕೇಳಿದ್ದ. ಈ ಹಾಡು ಅಲ್ಲಿದ್ರೇನೇ ಉಳಿದ ಹನ್ನೊಂದು ಹಾಡಿನ ನಗು ನಿಜ ಅನ್ಸೋದು, ಅವರಿಗೆ ನೋವು ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದೂ ನಗ್ತಿದಾರೆ. ಸ್ಕೂಲಲ್ಲಿ ಇಂಥದ್ದು ಅನುಭವಿಸಿದವರಿದ್ರೆ ಈ ಹಾಡನ್ನ ಒಬ್ಬರೇ ಇರುವಾಗ ಕೇಳಿ.

ಮೂರನೇದು ‘ಇಫ್ ಯೂ ಫೈಂಡ್ ಯುವರ್‌ಸೆಲ್ಫ್ ಕಾಟ್ ಇನ್ ಲವ್’. ಪಿಯಾನೋ ಮೇಲೆ ಚಪ್ಪಾಳೆ ತಟ್ಟೋ ಹಾಗಿರೋ ಹಾಡು. ಪ್ರೀತಿ ಸಿಕ್ಕಿದ್ರೆ ದೇವರಿಗೆ ಥ್ಯಾಂಕ್ಸ್ ಹೇಳು, ಸಿಕ್ಕಿಲ್ಲ ಅಂದ್ರೆ ಪ್ರಾರ್ಥನೆ ಮಾಡು ಅನ್ನೋ ಅರ್ಥ. ಇಂಡೀ ಬ್ಯಾಂಡುಗಳು ದೇವರ ಹೆಸರು ತಗೊಂಡ್ರೆ ಸಾಮಾನ್ಯವಾಗಿ ವ್ಯಂಗ್ಯಕ್ಕೆ ತಗೊಳ್ತಾರೆ, ಮರ್ಡಾಕ್ ಹಾಗಲ್ಲ, ಚರ್ಚಿನ ಮನೇಲೇ ಬಾಳಿದ ಮನುಷ್ಯ, ಮನಸಾರೆ ಹೇಳ್ತಿದಾರೆ. ಇದೇ ಹಾಡಿನ ಒಂದು ಪದ್ಯದಲ್ಲಿ ಯುದ್ಧಕ್ಕೆ ಹೊರಟವರ ಮಾತು ಬರತ್ತೆ, ಜನರನ್ನ ಕೊಲ್ಲೋದು ನನ್ನಿಂದಾಗಲ್ಲ ಅಂತ ನಗ್ತಾನೇ ಹೇಳಿ ಮುಂದೆ ಹೋಗ್ತಾರೆ. 2003 ಅಂದ್ರೆ ಬ್ರಿಟನ್ ಸೈನ್ಯ ಇರಾಕಿಗೆ ಹೋದ ವರ್ಷ, ಅದನ್ನ ಮರೀಬೇಡಿ.

ನಾಲ್ಕನೇದು ‘ಅಸ್ಲೀಪ್ ಆನ್ ಎ ಸನ್‌ಬೀಮ್’. ಸಾರಾ ಮಾರ್ಟಿನ್ ಮತ್ತು ಮರ್ಡಾಕ್ ಇಬ್ಬರೂ ಹಾಡಿದಾರೆ, ಸಾರಾ ಬ್ಯಾಂಡಲ್ಲಿ ವಯಲಿನ್ ನುಡಿಸೋರು. ಬೇಸಿಗೆ ಬಂದ್ರೆ ಊರು ಬಿಟ್ಟು ಎಲ್ಲಿಗಾದ್ರೂ ಹೋಗೋಣ ಅಂತ ಇಬ್ಬರು ಕನಸು ಕಟ್ಕೊಳ್ಳೋದು. ಇಲ್ಲಿ ಯಾವ ತಿರುವೂ ಇಲ್ಲ, ಜಾಣತನದ ಸಾಲೂ ಇಲ್ಲ. ಇದರ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಬಿಸಿಲಲ್ಲಿ ಕೂತು ಕೇಳಿ ಅಂತ ಸ್ಟೆಪ್ 2ರಲ್ಲಿ ಹೇಳಿದ್ದು ಈ ಹಾಡಿಗಾಗಿ.

‘ವ್ರ್ಯಾಪ್ಡ್ ಅಪ್ ಇನ್ ಬುಕ್ಸ್’ ಪುಸ್ತಕ ಹುಳುಗಳಿಗೆ ತಾನಾಗೇ ಇಷ್ಟ ಆಗತ್ತೆ. ‘ಯೂ ಡೋಂಟ್ ಸೆಂಡ್ ಮಿ’ ಪದಕ್ಕಿಂತ ಕುಣಿತಕ್ಕೆ ಕೇಳಿ.

ಸ್ಟೆಪ್ 6: ಗೊತ್ತಿಲ್ಲದ ಹೆಸರು ಬಂದಾಗ

ಇವರ ಹಾಡುಗಳಲ್ಲಿ ಹೊರಗಿನ ಹೆಸರು ತುಂಬಾ ಬರತ್ತೆ, ಅಲ್ಲಿನವರಿಗೆ ಕೂಡ್ಲೇ ಹೊಳೆಯೋದು ನಮಗೆ ಹೊಳೆಯಲ್ಲ. ಮೂರು ಹೆಸರು ನಾನೇ ಹೇಳ್ಬಿಡ್ತೀನಿ, ನೀವು ಮಧ್ಯದಲ್ಲಿ ಹಾಡು ನಿಲ್ಸಿ ಗೂಗಲ್ ಮಾಡೋದು ತಪ್ಪತ್ತೆ.

ಪಿಯಾಜ್ಜಾ ಅಂದ್ರೆ ಮೈಕ್ ಪಿಯಾಜ್ಜಾ, ಆಗ ನ್ಯೂಯಾರ್ಕ್ ಮೆಟ್ಸ್ ಟೀಮಲ್ಲಿದ್ದ ಬೇಸ್‌ಬಾಲ್ ಆಟಗಾರ. ಕ್ಯಾಚರ್ ಅಂದ್ರೆ ನಮ್ಮ ವಿಕೆಟ್‌ಕೀಪರ್ ಥರ, ಬ್ಯಾಟ್ ಹಿಡಿದವನ ಹಿಂದೆ ಕೂರೋನು. ಗ್ಲಾಸ್ಗೋ ಮನುಷ್ಯ ಅಮೆರಿಕಾದಲ್ಲಿ ಊರೂರು ಸುತ್ತುತ್ತಾ, ಮ್ಯಾಚ್ ನೋಡ್ತಾ, ಜೊತೇಲಿರೋ ಹುಡುಗಿ ಬಗ್ಗೆ ಯೋಚಿಸ್ತಾ ಇರೋ ಹಾಡು ಅಂತ ಅಂದ್ಕೊಳ್ಳಿ, ಸಾಕು. 2007ರ ‘ಜೂನೋ’ ಸಿನಿಮಾದಲ್ಲಿ ಈ ಹಾಡು ಬಂದಿದೆ, ಎಷ್ಟೋ ಜನ ಅಲ್ಲಿಂದಾನೇ ಈ ಆಲ್ಬಂಗೆ ಬಂದಿದ್ದು.

ಆಲ್ಬಂನಲ್ಲಿ ‘ರಾಯ್ ವಾಕರ್’ ಅಂತ ಒಂದು ಹಾಡಿದೆ, ಅದು ಉತ್ತರ ಐರ್ಲೆಂಡಿನ ಕಾಮಿಡಿಯನ್ ಹೆಸರು, ಬ್ರಿಟನ್ನಲ್ಲಿ ವರ್ಷಗಟ್ಟಲೆ ‘ಕ್ಯಾಚ್‌ಫ್ರೇಸ್’ ಅನ್ನೋ ಟಿವಿ ಆಟ ನಡೆಸಿಕೊಟ್ಟವರು, ಮನೆಮನೆಗೂ ಗೊತ್ತಿರೋ ಮುಖ.

‘ಐಯಾಮ್ ಎ ಕುಕ್ಕೂ’ ಹಾಡಲ್ಲಿ ಥಿನ್ ಲಿಜ್ಜಿ ಹೆಸರು ಬರತ್ತೆ, ಅದು ಡಬ್ಲಿನ್ನಿನ 70ರ ದಶಕದ ರಾಕ್ ಬ್ಯಾಂಡ್. ಎರಡು ಗಿಟಾರು ಒಟ್ಟಿಗೆ, ಒಂದು ಸ್ವರ ಮೇಲೆ ಕೆಳಗೆ ಜೋಡಿಯಾಗಿ ನುಡಿಸೋದು ಅವರ ಗುರುತು. ಹೆಸರು ಬರೀ ಪದ್ಯದಲ್ಲಿ ಬರಲ್ಲ, ಹಾಡಿನ ಗಿಟಾರೂ ಅದೇ ಜೋಡಿ ನಡಿಗೇಲಿ ನಡೆಯತ್ತೆ. ಮೊದಲು ಥಿನ್ ಲಿಜ್ಜಿಯ ಒಂದು ಹಾಡು ಕೇಳಿ ಆಮೇಲೆ ಇದನ್ನ ಕೇಳಿ, ಮುಖದ ಮೇಲೆ ನಗು ಬರ್ದಿದ್ರೆ ಹೇಳಿ. ಹಾಡಿನ ವಿಷಯ ಮಾತ್ರ ಬಿಟ್ಟುಹೋದವರ ನೆನಪು, ಒಂಟಿತನ. 2004ರ ಫೆಬ್ರವರೀಲಿ ಸಿಂಗಲ್ ಆಗಿ ಬಂದು ಬ್ರಿಟನ್ ಚಾರ್ಟಲ್ಲಿ 14ನೇ ಸ್ಥಾನಕ್ಕೆ ಹೋಯ್ತು, ಇವರಂಥ ಬ್ಯಾಂಡಿಗೆ ದೊಡ್ಡದೇ. ಅದೇ ವರ್ಷ ಆಲ್ಬಂ ಮರ್ಕ್ಯುರಿ ಪ್ರೈಜ್ ಅನ್ನೋ, ವರ್ಷದ ಒಳ್ಳೇ ಆಲ್ಬಂಗೆ ಬ್ರಿಟನ್ನಲ್ಲಿ ಕೊಡೋ ಪ್ರಶಸ್ತಿಯ ನಾಮಿನೇಶನ್ ಪಟ್ಟೀಲೂ ಇತ್ತು, ಗೆದ್ದಿದ್ದು ಫ್ರಾಂಜ್ ಫರ್ಡಿನಾಂಡ್, ಅವರೂ ಗ್ಲಾಸ್ಗೋದವರೇ.

ಸ್ಟೆಪ್ 7: ಇಷ್ಟ ಆಗ್ತಿಲ್ಲ ಅಂದ್ರೆ

ಆಗತ್ತೆ. ಮುಖ್ಯವಾಗಿ ಎರಡು ತಕರಾರು ಕೇಳಿದೀನಿ.

ಒಂದು, ದನಿಯಲ್ಲಿ ದಮ್ಮಿಲ್ಲ ಅನ್ನೋದು. ತುಂಬಿದ ಕಂಠದ ಹಾಡುಗಾರಿಕೆ ಕೇಳಿ ಬೆಳೆದವರಿಗೆ ಮರ್ಡಾಕ್ ದನಿ ತೆಳು ಅನ್ಸೋದು ಸಹಜ. ಇದಕ್ಕೆ ನಾನು ಹೇಳೋ ಉಪಾಯ, ‘ಪಿಯಾಜ್ಜಾ’ ಒಂದನ್ನೇ ನಾಲ್ಕು ದಿನ ದಿನಕ್ಕೊಂದ್ಸಲ ಕೇಳಿ. ಅಲ್ಲಿ ದನಿಗೆ ಮರೆ ಏನೂ ಇಲ್ಲ. ಸ್ವರ ಎಷ್ಟು ನೆಟ್ಟಗೆ ನಿಲ್ಲತ್ತೆ, ಸಾಲಿನ ಕೊನೇಲಿ ಎಷ್ಟು ಜೋಪಾನವಾಗಿ ಇಳಿಸ್ತಾರೆ ಅಂತ ಗೊತ್ತಾದ ಮೇಲೆ ಬೇರೆ ಹಾಡುಗಳೂ ತೆರ್ಕೊಳ್ಳತ್ತೆ. ಪಕ್ಕದಲ್ಲಿ ಕೂತು ಮಾತಾಡೋ ಮನುಷ್ಯ ಕಿರುಚಬೇಕಾಗಿಲ್ಲ.

ಎರಡು, ತೀರಾ ಸಿಹಿ ಅನ್ನೋದು. ಬ್ರಿಟನ್ನಲ್ಲೂ ಈ ಥರ ಸಂಗೀತಕ್ಕೆ ಟ್ವೀ ಅಂತ ಒಂದು ಪದ ಇಟ್ಟು ಪಕ್ಕಕ್ಕೆ ಸರಿಸ್ತಾರೆ. ಅಂಥವರು ಕೊನೇ ಹಾಡಿಂದ ಶುರು ಮಾಡಿ, ಸ್ಟೆಪ್ 1ರ ನಿಯಮ ಅವರಿಗೆ ಮಾತ್ರ ಮುರೀಬಹುದು. ‘ಸ್ಟೇ ಲೂಸ್’ ಸುಮಾರು ಆರೂಮುಕ್ಕಾಲು ನಿಮಿಷದ ಹಾಡು, ಆಲ್ಬಂನಲ್ಲೇ ಉದ್ದದ್ದು, 80ರ ದಶಕದ ನ್ಯೂ ವೇವ್ ಧಾಟಿ, ಕೀಬೋರ್ಡ್ ಕುಟುಕ್ತಾ ಹೋಗತ್ತೆ, ಗಿಟಾರ್ ಒಂದು ಕಡೆ ಹಗ್ಗ ಬಿಚ್ಚಿದ ಕರು ಥರ ಓಡತ್ತೆ. ಇದನ್ನ ಕೇಳಿದ ಮೇಲೆ ಇವರು ಬರೀ ಸಕ್ಕರೆ ಅಂತ ಯಾರೂ ಹೇಳಲ್ಲ.

ಎರಡೂ ಮಾಡಿ ನೋಡಿ ಇಷ್ಟ ಆಗ್ಲಿಲ್ಲ ಅಂದ್ರೆ ಒಂದು ವರ್ಷ ಬಿಟ್ಟುಬಿಡಿ. ನಿಜವಾಗ್ಲೂ ಹೇಳ್ತೀನಿ, ಬಲವಂತ ಮಾಡ್ಕೋಬೇಡಿ.

ಸ್ಟೆಪ್ 8: ಬೇರೆಯವರಿಗೆ ಕೊಡೋದು ಹೇಗೆ

ಇಷ್ಟ ಆದ್ಮೇಲೆ ಸುಮ್ನಿರೋಕಾಗಲ್ಲ, ಎಲ್ಲರಿಗೂ ಕೇಳಿಸ್ಬೇಕು ಅನ್ಸತ್ತೆ. ಇಡೀ ಆಲ್ಬಂ ಲಿಂಕ್ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಯಾರೂ ತೆಗೆಯಲ್ಲ, ನಾನು ಮಾಡಿ ನೋಡಿದೀನಿ. ಒಬ್ಬರಿಗೆ ಒಂದೇ ಹಾಡು ಕಳ್ಸಿ, ಯಾಕೆ ಅವರಿಗೇ ಕಳಿಸ್ತಿದೀರ ಅಂತ ಒಂದು ಸಾಲು ಬರೀರಿ. ಆಫೀಸಲ್ಲಿ ಬಳಲಿದವರಿಗೆ ಮೊದಲನೇ ಹಾಡು. ಗಿಟಾರ್ ಕಲೀತಿರೋರಿಗೆ ‘ಪಿಯಾಜ್ಜಾ’, ಒಂದೇ ಗಿಟಾರು ಇರೋದ್ರಿಂದ ಕೈ ಎಲ್ಲಿ ಹೋಗ್ತಿದೆ ಅಂತ ಕಿವಿಗೆ ಸ್ಪಷ್ಟವಾಗಿ ಸಿಗತ್ತೆ. ಯಾರಿಂದ್ಲೋ ದೂರ ಆದವರಿಗೆ ‘ಕುಕ್ಕೂ’, ಅಳು ಇದ್ರೂ ಕುಣಿಸತ್ತೆ. ಹೊಸದಾಗಿ ಮದುವೆ ಆದವರಿಗೆ ‘ಕಾಟ್ ಇನ್ ಲವ್’. ‘ಲಾರ್ಡ್ ಆಂಥೊನಿ’ಯನ್ನ ಯಾರಿಗೂ ಕಳಿಸ್ಬೇಡಿ, ಅದನ್ನ ಅವರೇ ಕಂಡುಕೊಳ್ಳಲಿ.

ಇನ್ನೂ ಬೇಕು ಅಂದ್ರೆ ದಾರಿ ಸುಲಭ. ಇದೇ ಬ್ಯಾಂಡಿನ 2006ರ ‘ದಿ ಲೈಫ್ ಪರ್ಸ್ಯೂಟ್’, ಲಾಸ್ ಏಂಜಲಿಸಲ್ಲಿ ರೆಕಾರ್ಡ್ ಆಗಿದ್ದು, ಇನ್ನೂ ಕುಣಿತ ಜಾಸ್ತಿ. ಅದೇ ವರ್ಷದ್ದು ಗ್ಲಾಸ್ಗೋದ ಕ್ಯಾಮೆರಾ ಅಬ್ಸ್ಕ್ಯೂರಾ ಬ್ಯಾಂಡಿನ ‘ಲೆಟ್ಸ್ ಗೆಟ್ ಔಟ್ ಆಫ್ ದಿಸ್ ಕಂಟ್ರಿ’, ಟ್ರೇಸಿಆ್ಯನ್ ಕ್ಯಾಂಬೆಲ್ ಹಾಡುಗಾರಿಕೆ, ಬೇಸರಾನೂ ಇಷ್ಟು ಸೊಗಸಾಗಿ ಹಾಡಬಹುದಾ ಅನ್ಸತ್ತೆ. ಎಡಿನ್‌ಬರದ ಅಬರ್‌ಫೆಲ್ಡಿ ಬ್ಯಾಂಡಿನ ‘ಯಂಗ್ ಫಾರೆವರ್’ 2004ರದ್ದು, ಅದೂ ರಫ್ ಟ್ರೇಡ್ ಲೇಬಲ್ಲೇ, ಗ್ಲಾಕನ್‌ಸ್ಪೀಲ್ ಅನ್ನೋ ಪುಟ್ಟ ಲೋಹದ ಪಟ್ಟಿಗಳ ಕಿಣಿಕಿಣಿ, ಹುಡುಗ ಹುಡುಗೀರ ಜೋಡಿ ದನಿ, ಮನೆಯ ಹಾಲಲ್ಲಿ ಕೂತು ಹಾಡಿದ ಹಾಗಿದೆ. ಆಮೇಲೆ ಹಿಂದಕ್ಕೆ ಹೋಗಿ ‘ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್’ ಕೇಳಿ, 1996ರದ್ದು, ಕೆಂಪು ಕವರ್. ಆ ಪಿಸುಮಾತಿನ ಆಲ್ಬಂ ಕೇಳಿ ಮತ್ತೆ ‘ಸ್ಟೆಪ್ ಇಂಟು ಮೈ ಆಫೀಸ್’ ಹಾಕಿದ್ರೆ ಕಿಟಕಿ ತೆಗೆದ್ರು ಅಂತ ನಾನು ಹೇಳಿದ್ದು ನಿಮ್ಮ ಕಿವಿಗೇ ಗೊತ್ತಾಗತ್ತೆ.

ಹೋದ ಭಾನುವಾರ ಅಣ್ಣನ ಮಗಳು ಬಂದಿದ್ಲು, ಏಳನೇ ಕ್ಲಾಸು. ಟ್ರಂಪೆಟ್ ಬಂದಾಗ ಕೈ ಎತ್ತು ಅಂತ ಹೇಳಿ ಆಲ್ಬಂ ಹಾಕಿದೆ. ಮೊದಲ ಮೂರು ಹಾಡಿಗೆ ಎತ್ತಿದ್ದೇ ಎತ್ತಿದ್ದು. ‘ಪಿಯಾಜ್ಜಾ’ ಬಂದಾಗ ಕೈ ಮಡಚಿ ಇಟ್ಕೊಂಡು ಕಾದ್ಲು, ಕಾದ್ಲು, ಹಾಡು ಮುಗೀತು. “ಚಿಕ್ಕಪ್ಪ, ಇದ್ರಲ್ಲಿ ಬರ್ಲೇ ಇಲ್ಲ” ಅಂದ್ಲು, ಮತ್ತೆ ತಾನೇ, “ಬೇಡ ಇತ್ತು ಅಲ್ವಾ ಇದಕ್ಕೆ” ಅಂದ್ಲು. ಅಷ್ಟರಲ್ಲಿ ಐದನೇ ಹಾಡು ಶುರುವಾಯ್ತು, ಬಿಸಿಲು ಸೋಫಾವರೆಗೆ ಬಂದಿತ್ತು.